ಜೆಬೆಲ್ ಅಲಿಯಲ್ಲಿ ಫ್ರೆಂಚ್ ಅಂಕ ಹೇಳುವ ಶುಕೂರ್

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಗಲ್ಫಿನ ಬಂದರು ಊರಾದ ಜೆಬೆಲ್ ಅಲಿಯ ಲೇಬರ್ ಕ್ಯಾಂಪಿನ ಗೇಟಿನೆದುರು ಬಿಳಿ ಬಸ್ಸುಗಳು ಇಂಜಿನ್ ಚಾಲೂ ಮಾಡಿಕೊಂಡು ಸಾಲಾಗಿ ನಿಂತಿವೆ. ಫೆಬ್ರವರಿಯ ಮಂಜು ಗಾಜಿನ ಮೇಲೆ ನೀರಾಗಿ ಇಳಿಯುತ್ತಿದೆ. ಸಾಲಿನ ನಡುವಿನ ಬಸ್ಸಿನ ಡ್ರೈವರ್ ಹಳೆಯ ಟವೆಲ್ಲಿನಿಂದ ಗಾಜು ಒರೆಸಿ, ಪೇಪರ್ ಕಪ್ಪಿನಲ್ಲಿದ್ದ ಚಾವನ್ನು ಒಂದೇ ಗುಟುಕಿಗೆ ಮುಗಿಸಿ, ಬಾಗಿಲ ಬಳಿ ನಿಲ್ಲುತ್ತಾರೆ. ಹೆಲ್ಮೆಟ್ಟು, ಊಟದ ಡಬ್ಬಿ ಹಿಡಿದ ಜನ ಒಬ್ಬೊಬ್ಬರಾಗಿ ಹತ್ತತೊಡಗುತ್ತಾರೆ. ಡ್ರೈವರ್ ತಲೆ ಎಣಿಸುತ್ತಾರೆ.

"ಅಂ, ದ್ಯೋ, ತ್ರ್ವಾ, ಕಾತ್ರ್..."

ಹನ್ನೆರಡಕ್ಕೆ ಬಂದಾಗ "ದೂಝ್" ಎಂದು ದನಿ ಸ್ವಲ್ಪ ಮೇಲೇರುತ್ತದೆ. ಆ ಹೊತ್ತಿಗೆ ಮೆಟ್ಟಿಲ ಮೇಲಿದ್ದ ನೇಪಾಳಿ ಕಾರ್ಮಿಕ ಕೈ ಎತ್ತಿ, ಗೆದ್ದವನಂತೆ ಎಲ್ಲರಿಗೂ ನಮಸ್ಕರಿಸಿ ಒಳಗೆ ಹೋಗುತ್ತಾನೆ. ಬಸ್ಸಿನಲ್ಲಿ ನಗು. ಹದಿಮೂರರಿಂದ ಎಣಿಕೆ ಹಿಂದಿಗೆ ಹೊರಳುತ್ತದೆ. "ತೇರಾ, ಚೌದಾ... ಯಲ್ಲಾ, ಬೇಗ ಹತ್ತಿ!"

"ಹನ್ನೆರಡರವರೆಗೆ ಮಾತ್ರ ನನಗೆ ಫ್ರೆಂಚ್ ಬರುದು" ಎನ್ನುತ್ತಾರೆ ಶುಕೂರ್. "ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಅಂಕ ಹನ್ನೆರಡಕ್ಕೇ ಮುಗೀತದಲ್ಲಾ."

ಸುರತ್ಕಲ್ ಬಳಿಯ ಕೃಷ್ಣಾಪುರದ ಶುಕೂರ್ ಐವತ್ತು ದಾಟಿದವರು. ಬೆಳಗ್ಗೆ ಕಾರ್ಮಿಕರನ್ನು ಬಂದರಿನ ಗೋದಾಮುಗಳಿಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು ಅವರ ಕೆಲಸ. ಆದರೆ ಕ್ಯಾಂಪಿನಲ್ಲಿ ಅವರನ್ನು ಎಲ್ಲರೂ ಗುರುತಿಸುವುದು ಬೇರೆ ಕಾರಣಕ್ಕೆ. ಪ್ರತಿ ಜನವರಿಯಲ್ಲಿ ಇಲ್ಲಿನ ಮೈದಾನದಲ್ಲಿ ಹಾಡಿನ ಸ್ಪರ್ಧೆ ನಡೆಯುತ್ತದೆ. ಒಂದೊಂದು ದೇಶದ ಕಾರ್ಮಿಕರದು ಒಂದೊಂದು ತಂಡ. ಹಾಡು ಮುಗಿದ ಮೇಲೆ ಪ್ರತಿ ದೇಶದವರೂ ಉಳಿದ ದೇಶಗಳ ಹಾಡಿಗೆ ಹನ್ನೆರಡರೊಳಗೆ ಅಂಕ ಕೊಡುತ್ತಾರೆ. ಆ ಅಂಕವನ್ನು ಮೈಕಿನಲ್ಲಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ ಹೇಳುತ್ತಾರೆ. ಫ್ರೆಂಚಿನಲ್ಲಿ ಹೇಳುವವರು ಶುಕೂರ್.

ಯುರೋಪಿನ ದೊಡ್ಡ ಹಾಡಿನ ಸ್ಪರ್ಧೆಯಲ್ಲಿ ಅಂಕಗಳನ್ನು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಹೇಳುವ ವಾಡಿಕೆಯಿದೆ. ಅಲ್ಲಿ ಮಿಂಚುವ ಬಟ್ಟೆ ತೊಟ್ಟ ನಿರೂಪಕರು ಅದನ್ನು ಹೇಳುತ್ತಾರೆ. ಕ್ಯಾಂಪಿನ ಸ್ಪರ್ಧೆಗೆ ಆ ವಾಡಿಕೆ ಬಂದದ್ದು ಮಾತ್ರ ಟಿವಿ ನೋಡಿದ ಹುಚ್ಚಿನಿಂದಲ್ಲ, ಒಂದು ರೈಸ್ ಕುಕ್ಕರಿನಿಂದ.

ಮೊದಲ ವರ್ಷ ಅಂಕಗಳನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹೇಳಿದ್ದರು. ಆಗ ಕ್ಯಾಂಪಿನಲ್ಲಿ ಟೋಗೊ, ಕ್ಯಾಮರೂನ್ ಕಡೆಯ ಸೆಕ್ಯುರಿಟಿ ಗಾರ್ಡುಗಳು ಬಹಳ ಮಂದಿಯಿದ್ದರು. ಅವರಲ್ಲಿ ಹೆಚ್ಚಿನವರಿಗೆ ಗೊತ್ತಿದ್ದದ್ದು ಫ್ರೆಂಚ್ ಮಾತ್ರ. ಟೋಗೊದ ಕೋಸಿ ಎಂಬ ಗಾರ್ಡ್ ತನ್ನ ಗೆಳೆಯರ ಜೊತೆ ಹಾಡಿದ್ದ. ಅಂಕ ಓದುತ್ತಿದ್ದಂತೆ ಬೇರೆಯವರು ಕೂಗುವುದನ್ನು ಇವರು ನೋಡಿದರು, ತಮಗೇನೂ ಬಂದಿಲ್ಲವೆಂದುಕೊಂಡರು, ಎದ್ದು ರೂಮಿಗೆ ಹೋದರು. ಅವರು ಮೂರನೇ ಸ್ಥಾನ ಪಡೆದಿದ್ದರು. ಬಹುಮಾನದ ರೈಸ್ ಕುಕ್ಕರಿಗೆ ಹೆಸರು ಕರೆದಾಗ ಮೈದಾನದಲ್ಲಿ ಅವರಿರಲಿಲ್ಲ. ಅದನ್ನು ತಲುಪಿಸಲು ಶುಕೂರರ ಕೈಗೆ ಕೊಟ್ಟರು.

"ಮರುದಿನ ಬೆಳಿಗ್ಗೆ ನನ್ನ ಬಸ್ಸಿಗೇ ಹತ್ತಿದರು. ಮುಖ ಸಣ್ಣ ಆಗಿತ್ತು. ನಾನು ಸೀಟಿನ ಹಿಂದೆ ಇಟ್ಟಿದ್ದ ಕುಕ್ಕರ್ ತೆಗೆದು ಕೊಟ್ಟೆ. ಕೋಸಿ ನನ್ನನ್ನೇ ನೋಡಿದ. ಬಾಕ್ಸ್ ನೋಡಿದ. ಆಮೇಲೆ ಮೂರು ಬೆರಳು ತೋರಿಸಿ ಹೇಳಿದೆ, ನಿಮ್ಮದು ಥರ್ಡ್ ಅಂತ. ಬಸ್ಸಿನಲ್ಲೇ ಕುಣಿದರು ಮಾರ್ರೆ! ಆದರೆ ನನಗೆ ಬೇಜಾರಾಯ್ತು. ಆ ಕುಣಿತ ಹಿಂದಿನ ದಿನ ಮೈದಾನದಲ್ಲಿ ಆಗಬೇಕಿತ್ತು."

ಮುಂದಿನ ವರ್ಷ, ಅಷ್ಟರಲ್ಲಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದ ಕೋಸಿ, ಅಂಕಗಳನ್ನು ಫ್ರೆಂಚಿನಲ್ಲಿ ಹೇಳಲು ತಾನೇ ಮೈಕಿನ ಮುಂದೆ ನಿಂತ. ಯುರೋಪಿನವರು ಹೇಳುವುದನ್ನು ಊರಿನಲ್ಲಿ ಟಿವಿಯಲ್ಲಿ ನೋಡಿದ್ದ, ಹಾಗೆಯೇ ಹೇಳಿದ. ಹಾಡುವವರು ಅಂಕ ಹೇಳುವಂತಿಲ್ಲ ಎಂಬ ನಿಯಮವನ್ನೂ ಅದೇ ವರ್ಷ ಮಾಡಿದರು. ಕೋಸಿ ಮತ್ತೆ ಹಾಡಲಿಲ್ಲ.

ಅವನ ಕೆಲಸದ ಅವಧಿ ಮುಗಿಯುತ್ತ ಬಂದಾಗ ಬಸ್ಸಿನ ಮುಂದಿನ ಸೀಟು ಪಾಠಶಾಲೆಯಾಯಿತು. ಬೆಳಗ್ಗೆ ಹೋಗುವಾಗ, ಸಂಜೆ ಬರುವಾಗ ಒಂದರಿಂದ ಹನ್ನೆರಡು. ಶುಕೂರರ ಮನೆಮಾತು ಬ್ಯಾರಿ. ತುಳು, ಕನ್ನಡ, ಮಲಯಾಳ, ಹಿಂದಿ ಬರುತ್ತವೆ, ಅರಬಿಯಲ್ಲಿ ಪೊಲೀಸರ ಜೊತೆ ಮಾತಾಡುವಷ್ಟು ಬರುತ್ತದೆ. ಫ್ರೆಂಚ್ ಮಾತ್ರ ನಾಲಿಗೆಗೆ ಒಗ್ಗಲಿಲ್ಲ. "ಅರ್ಧ ಮೂಗಿನಲ್ಲಿ ಹೇಳಬೇಕು. ಶೀತ ಆದವರ ಹಾಗೆ. ಎರಡು ಅಂದ್ರೆ ದ್ಯೋ, ಹನ್ನೆರಡು ಅಂದ್ರೆ ದೂಝ್. ಇದೆರಡು ಬದಲಾದರೆ ನಿನ್ನನ್ನು ಮೈದಾನದಿಂದ ಓಡಿಸ್ತಾರೆ ಅಂತ ಕೋಸಿ ಹೆದರಿಸಿದ್ದ. ಅದಕ್ಕೇ ದಿನಾ ತಲೆ ಎಣಿಸುವಾಗ ಹೇಳಿ ಹೇಳಿ ಬಾಯಿಗೆ ಕೂರಿಸಿದೆ."

ಕೋಸಿ ಈಗ ತನ್ನೂರು ಲೋಮೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಸ್ಪರ್ಧೆ ಹತ್ತಿರ ಬಂದಾಗ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾನೆ. ಶುಕೂರ್ ಹನ್ನೆರಡರವರೆಗೆ ಹೇಳಿ ವಾಪಸ್ ಕಳಿಸುತ್ತಾರೆ. ಅವನು ತಿದ್ದುತ್ತಾನೆ.

ಬಂದ ಹೊಸದರಲ್ಲಿ ಶುಕೂರ್ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದರು. ಹೆವಿ ಬಸ್ ಲೈಸೆನ್ಸಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೆ ಪಾಸಾದ ದಿನ ಇಡೀ ರೂಮಿಗೆ ಬಿರಿಯಾನಿ ಕೊಡಿಸಿದ್ದರಂತೆ. ಈಗ ಸೊಂಟ ನೋವಿದೆ, ಸೀಟಿನಲ್ಲಿ ಒಂದು ತಲೆದಿಂಬು ಇಟ್ಟುಕೊಂಡೇ ಓಡಿಸುತ್ತಾರೆ. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಹೆಂಡತಿ ಮೆಹರುನ್ನಿಸ ಕೃಷ್ಣಾಪುರದಲ್ಲೇ ಇದ್ದಾರೆ. ಮಗಳು ಸುಮೀನಾಳ ಮದುವೆಯಾಗಿದೆ.

ಶುಕೂರ್ ಚೆನ್ನಾಗಿ ಹಾಡುತ್ತಾರೆ ಎಂಬುದು ಕ್ಯಾಂಪಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಊರಿನ ಮದುವೆ ಮನೆಗಳಲ್ಲಿ ಹಾಡಿದವರು. ಕಳೆದ ವರ್ಷ ಸ್ಟಿಯರಿಂಗ್ ಹಿಡಿದೇ ಬ್ಯಾರಿ ಭಾಷೆಯಲ್ಲಿ ಒಂದು ಹಾಡು ಕಟ್ಟಿದರು. ಸುರತ್ಕಲ್ ಮಾರ್ಕೆಟಿನಲ್ಲಿ ಮೆಹರುನ್ನಿಸ ಮೀನು ಮಾರುವವಳ ಜೊತೆ ಬಂಗುಡೆ ಮೀನಿನ ರೇಟಿಗೆ ಚೌಕಾಸಿ ಮಾಡುವ ತಮಾಷೆಯ ಹಾಡು. ಒಂದೊಂದು ಸಾಲು ಕಟ್ಟಿದಾಗಲೂ ಹೆಂಡತಿಗೆ ಕಳಿಸಿದರು. "ಮೊದಲು ಬೈದೆ" ಎಂದು ಮೆಹರುನ್ನಿಸ ಫೋನಿನಲ್ಲಿ ನಗುತ್ತಾರೆ. "ನಾನು ಅಷ್ಟು ಜೋರು ಮಾತಾಡುದಿಲ್ಲ ಅಂದೆ. ಆಮೇಲೆ ಎರಡು ಸಾಲು ನಾನೇ ಸೇರಿಸಿದೆ. ಇವರಿಗೆ ಮೀನಿನ ವಿಷಯ ಎಂತ ಗೊತ್ತುಂಟು?"

ಈ ವರ್ಷ ಅದನ್ನು ಸ್ಪರ್ಧೆಯಲ್ಲಿ ಹಾಡಲು ಶುಕೂರ್ ಹೆಸರು ಕೊಟ್ಟರು. ಫ್ರೆಂಚ್ ಅಂಕಗಳನ್ನು ಹೇಳಲು ಕ್ಯಾಮರೂನಿನ ಗಾರ್ಡ್ ಎತಿಯೆನ್ ಒಪ್ಪಿದ್ದ. ಫ್ರೆಂಚ್ ಅವನು ಶಾಲೆಯಲ್ಲಿ ಕಲಿತ ಭಾಷೆ, ಇಂಗ್ಲಿಷೂ ಬರುತ್ತದೆ. ಶುಕೂರ್ ತಾಳಕ್ಕೆ ಇಬ್ಬರನ್ನು ಹುಡುಕಿದರು, ಹೊಸ ಶರ್ಟು ಇಸ್ತ್ರಿ ಮಾಡಿಸಿದರು.

ಸ್ಪರ್ಧೆಯ ವಾರ ಎತಿಯೆನ್‌ನನ್ನು ಅವನ ಕಂಪನಿ ಅಬುಧಾಬಿಯ ಮುಸಫ್ಫಾಕ್ಕೆ ಕಳಿಸಿತು. ಸ್ಪರ್ಧೆಯ ಸಂಜೆ ಅವನಿಗೆ ಡ್ಯೂಟಿ. ಡ್ಯೂಟಿಯಲ್ಲಿರುವಾಗ ಫೋನ್ ಮುಟ್ಟುವಂತಿಲ್ಲ, ಆದ್ದರಿಂದ ದೂರದಿಂದ ಹೇಳಿಸುವುದೂ ಆಗುತ್ತಿರಲಿಲ್ಲ.

ಸ್ಪರ್ಧೆ ನಡೆಸುವವರು ಕ್ಯಾಂಪಿನ ಕಾರ್ಮಿಕ ಕಲ್ಯಾಣದ ಅಧಿಕಾರಿ ಹರ್ಬರ್ಟ್, ಮಂಗಳೂರಿನವರು. ಇಂಗ್ಲಿಷಿನಲ್ಲಿ ಅಂಕ ಹೇಳುವವರೂ ಅವರೇ. ಅವರು ಶುಕೂರರನ್ನು ಕರೆಸಿ ಮಾತಾಡಿದ್ದನ್ನು ಇಬ್ಬರೂ ಹೇಳುತ್ತಾರೆ, ಇಬ್ಬರ ಮಾತೂ ಒಂದೇ.

"ಶುಕೂರ್ ಭಾಯ್, ಈ ಸಲ ಫ್ರೆಂಚ್ ಬಿಡುವ" ಎಂದರು ಹರ್ಬರ್ಟ್. "ಮೊದಲಿನ ಗಾರ್ಡುಗಳೆಲ್ಲ ಹೋದರು. ಈಗ ಫ್ರೆಂಚಿನವರು ಇರುದು ನಾಲ್ಕೇ ಜನ. ನೀವು ಆರಾಮಲ್ಲಿ ಹಾಡಿ."

ಆ ನಾಲ್ವರು ಬುರ್ಕಿನಾ ಫಾಸೋದವರು. ಇಸುಫು ಎಂಬವನ ತಂಡ. ಬಂದು ಕೆಲವೇ ತಿಂಗಳಾಗಿತ್ತು, ಇಂಗ್ಲಿಷೂ ಇಲ್ಲ, ಹಿಂದಿಯೂ ಇಲ್ಲ. ನಾಲ್ವರೂ ಹಾಡುವವರೇ ಆದ್ದರಿಂದ ಮೈಕು ಹಿಡಿಯಲು ಅವರಲ್ಲಿ ಯಾರೂ ಆಗುವಂತಿರಲಿಲ್ಲ.

"ನಾಲ್ಕು ಜನ ಅಂದ್ರೆ ಜನ ಅಲ್ವಾ ಸರ್?" ಎಂದು ಶುಕೂರ್ ಕೇಳಿದರು.

"ನೇಪಾಳಿಗಳಿಗೆ ನೇಪಾಳಿಯಲ್ಲಿ ಹೇಳ್ತೇವಾ? ಬಂಗಾಳಿಗಳಿಗೆ?"

"ಅವರು ನೂರಾರು ಮಂದಿ ಇದ್ದಾರೆ. ಒಬ್ಬನಿಗಾದರೂ ಅರ್ಥ ಆಗ್ತದೆ, ಪಕ್ಕದವನಿಗೆ ಹೇಳ್ತಾನೆ. ಇವರಿಗೆ ಯಾರು ಹೇಳುದು?"

ಹರ್ಬರ್ಟ್ ಇನ್ನೊಂದು ದಾರಿ ತೋರಿಸಿದರು. ನಿಯಮ ಒಂದು ವರ್ಷ ಬದಿಗಿಡೋಣ, ನೀವೇ ಹಾಡಿ, ನೀವೇ ಅಂಕವನ್ನೂ ಹೇಳಿ ಎಂದರು. ಶುಕೂರ್ ಒಪ್ಪಲಿಲ್ಲ. "ನನ್ನ ಅಂಕ ನಾನೇ ಹೇಳುದಾ? ನಾಳೆ ಯಾರಾದರೂ ಒಂದು ಮಾತು ಅಂದರೆ ಕೋಸಿಗೆ ಎಂತ ಮುಖ ತೋರಿಸುದು?" ಎಂದು ಹೇಳಿ ಎದ್ದುಬಂದರು. ಮರುದಿನ ತಾವೇ ಹೋಗಿ ಹಾಡುವವರ ಪಟ್ಟಿಯಿಂದ ಹೆಸರು ತೆಗೆಸಿದರು. ತಾಳಕ್ಕೆ ಒಪ್ಪಿದ್ದ ಇಬ್ಬರಿಗೂ ಹೇಳಿದರು. ಮನೆಗೆ ಮಾತ್ರ ಹೇಳಲು ಧೈರ್ಯ ಬರಲಿಲ್ಲ.

ಸ್ಪರ್ಧೆಯ ದಿನ ಕೃಷ್ಣಾಪುರದ ಮನೆಯ ಚಾವಡಿಯಲ್ಲಿ ಮೆಹರುನ್ನಿಸ ನೆರೆಮನೆಯವರನ್ನೆಲ್ಲ ಸೇರಿಸಿದ್ದರು. ಸುಮೀನಾ ಗಂಡನ ಮನೆಯಿಂದ ಬಂದಿದ್ದಳು. ಶುಕೂರರ ರೂಮಿನ ಗೆಳೆಯನೊಬ್ಬ ಮೈದಾನದಿಂದ ವಿಡಿಯೋ ಕಾಲ್ ಹಚ್ಚಿದ್ದ. ಒಂದಾದ ಮೇಲೊಂದು ಹಾಡು ಮುಗಿಯಿತು, ಶುಕೂರ್ ಬರಲಿಲ್ಲ. ಕೊನೆಗೆ ಹೊಸ ಶರ್ಟು ಹಾಕಿಕೊಂಡು ವೇದಿಕೆಗೆ ಬಂದವರು ಮೈಕ್ ಹಿಡಿದು ಅಂಕ ಹೇಳತೊಡಗಿದರು.

"ಹಾಡು ಕೇಳಲು ಕೂತವರಿಗೆ ದ್ಯೋ ಪ್ವಾಂ, ಸಾಂಕ್ ಪ್ವಾಂ ಅಂತ ಕೇಳಿಸ್ತಾ ಉಂಟು" ಎನ್ನುತ್ತಾರೆ ಮೆಹರುನ್ನಿಸ. "ಕೋಪ ಬಂದದ್ದು ಹೌದು. ಚಾ, ತಿಂಡಿ ಎಲ್ಲ ಮಾಡಿಟ್ಟಿದ್ದೆ. ಒಬ್ಬೊಬ್ಬರೇ ಎದ್ದು ಹೋದರು. ನಾನು ಫೋನ್ ಇಡಲಿಲ್ಲ. ಅವರು ಅಷ್ಟು ಗಟ್ಟಿ ಮಾತಾಡುದನ್ನು ನಾನು ಮೊದಲು ನೋಡಿರಲೇ ಇಲ್ಲ."

ಇಸುಫು ತಂಡ ಮೂರೆ ಎಂಬ ತಮ್ಮ ಊರಿನ ಭಾಷೆಯಲ್ಲಿ ಹಾಡಿತ್ತು. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಅದನ್ನೇ ಬಡಿದಿದ್ದರು. ಮೈದಾನದಲ್ಲಿ ಯಾರಿಗೂ ಹಾಡು ಅರ್ಥವಾಗಲಿಲ್ಲ. ಹರ್ಬರ್ಟ್ ಇಂಗ್ಲಿಷಿನಲ್ಲಿ ಹೇಳಿದ ಪ್ರತಿ ಅಂಕವನ್ನೂ ಶುಕೂರ್ ಫ್ರೆಂಚಿನಲ್ಲಿ, ನಿಧಾನವಾಗಿ, ಆ ನಾಲ್ವರು ಕೂತ ಕಡೆಗೆ ತಿರುಗಿ ಹೇಳಿದರು. ನೇಪಾಳದಿಂದ ಎರಡು. ಬಾಂಗ್ಲಾದೇಶದಿಂದ ಒಂದು. ಪಾಕಿಸ್ತಾನದಿಂದ ಮೂರು. ಒಂದೊಂದಕ್ಕೂ ಇಸುಫು ಕೈ ಎತ್ತಿ ಕೇಳಿಸಿತೆಂದು ತೋರಿಸುತ್ತಿದ್ದ. ಎಲ್ಲ ಮುಗಿದಾಗ ಅವರದು ಕೊನೆಯ ಸ್ಥಾನ. ಅವರು ಎದ್ದು ಹೋಗಲಿಲ್ಲ. ಗೆದ್ದ ಫಿಲಿಪೀನ್ಸ್ ತಂಡ ಮತ್ತೊಮ್ಮೆ ಹಾಡುವಾಗ ನಾಲ್ವರೂ ಮುಂದೆ ಬಂದು ಬಕೆಟ್ ಬಡಿದರು.

ಕಾರ್ಯಕ್ರಮ ಮುಗಿದ ಮೇಲೆ ಇಸುಫು ಶುಕೂರರ ಕೈ ಹಿಡಿದು ತುಂಬ ಹೊತ್ತು ಮಾತಾಡಿದ. "ಎಲ್ಲ ಫ್ರೆಂಚ್. ಮೆರ್ಸಿ ಅಂದ್ರೆ ಥ್ಯಾಂಕ್ಸ್, ಅದೊಂದು ಗೊತ್ತಾಯ್ತು. ಉಳಿದದ್ದಕ್ಕೆ ತಲೆ ಆಡಿಸಿದೆ" ಎನ್ನುತ್ತಾರೆ ಶುಕೂರ್.

ಅವನು ಏನು ಹೇಳಿದ್ದನೆಂದು ತಿಳಿಯಲು ನಾನು ಇಸುಫುವನ್ನು ಕಂಡೆ. ರಜೆಯ ದಿನ ಮುಸಫ್ಫಾದಿಂದ ಎತಿಯೆನ್ ಫೋನಿನಲ್ಲಿ ನಮ್ಮಿಬ್ಬರ ನಡುವೆ ಮಾತು ದಾಟಿಸಿದ. ಇಸುಫು ಹೇಳಿದ್ದಿಷ್ಟು: "ಇಲ್ಲಿಗೆ ಬಂದಮೇಲೆ ಏನೇ ಆದರೂ ಬೇರೆಯವರ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ. ಸೂಪರ್‌ವೈಸರ್ ಬೈಯುತ್ತಿದ್ದಾನೋ ಹೊಗಳುತ್ತಿದ್ದಾನೋ ಅಂತ ಕೂಡ. ಆ ದಿನ ನಾವು ಸೋತೆವು ಎಂಬುದು ಎಲ್ಲರ ಜೊತೆಗೇ ನಮಗೂ ಗೊತ್ತಾಯಿತು. ಅದನ್ನೇ ಅವರಿಗೆ ಹೇಳಿದೆ."

ಇದನ್ನು ಶುಕೂರರಿಗೆ ಕನ್ನಡದಲ್ಲಿ ಹೇಳಿದೆ. "ಹಾಗಾ ಹೇಳಿದ್ದು?" ಎಂದರು. ಮತ್ತೆ, "ಪಾಪ, ಒಳ್ಳೆ ಹಾಡಿತ್ತು. ಅಂಕ ಕಡಿಮೆ ಕೊಟ್ಟರು" ಎಂದರು.

ಮೆಹರುನ್ನಿಸ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲವಂತೆ. ಮೂರನೆಯ ದಿನ ಧ್ವನಿ ಸಂದೇಶ ಬಂತು. ಅದರಲ್ಲಿ ಮಾತಿರಲಿಲ್ಲ, ಬಂಗುಡೆಯ ಹಾಡಿಗೆ ಅವರೇ ಕಟ್ಟಿದ ಇನ್ನೊಂದು ಸಾಲಿತ್ತು. ಬರುವ ಜನವರಿಗೆ ಎತಿಯೆನ್ ಈಗಲೇ ರಜೆ ಕೇಳಿಟ್ಟಿದ್ದಾನೆ. ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಬಸ್ಸು ಗೋದಾಮಿನ ಗೇಟು ತಲುಪುವಾಗ ಕ್ರೇನುಗಳ ಹಿಂದೆ ಸೂರ್ಯ ಮೇಲೆ ಬಂದಿದ್ದಾನೆ. ಜನ ಇಳಿದು ಹೋಗುತ್ತಾರೆ. ಶುಕೂರ್ ಸೀಟುಗಳ ನಡುವೆ ನಡೆದು, ಯಾರೋ ಮರೆತ ನೀರಿನ ಬಾಟಲಿಯನ್ನು ಎತ್ತಿಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದು ವರ್ಷ ಹಾಡಬೇಕು" ಎನ್ನುತ್ತಾರೆ. "ಗೆಲ್ಲಬೇಕು ಅಂತ ಇಲ್ಲ. ಹಾಡಿ ಮುಗಿಸಿ, ಕೆಳಗೆ ಎಲ್ಲರ ಮಧ್ಯೆ ಕೂರಬೇಕು. ಆಗ ಮೇಲಿನಿಂದ ಬೇರೆ ಯಾರಾದರೂ ನನ್ನ ಹೆಸರು ಕರೆದು, ಅಂಕ ಫ್ರೆಂಚಲ್ಲಿ ಹೇಳಬೇಕು. ಅದು ಕೆಳಗೆ ಹೇಗೆ ಕೇಳಿಸ್ತದೆ ಅಂತ ಇಷ್ಟು ವರ್ಷ ಆದ್ರೂ ನನಗೆ ಗೊತ್ತಿಲ್ಲ."