ಪೂಜೆಗೆ ಕೂತ ಬಿಲ್ಲು

ಹೋದ ತಿಂಗಳು ಡನ್ ಲಿಯರಿಯ ಭಾನುವಾರದ ಸಂತೆಯಲ್ಲಿ ಒಬ್ಬಾಕೆ ಜೇನುಮೇಣದ ಬತ್ತಿಗಳನ್ನು ಮಾರುತ್ತಿದ್ದಳು. ಒಂದನ್ನೆತ್ತಿ ಮೂಗಿಗೆ ಹಿಡಿದೆ ನೋಡಿ, ಥೇಟ್ ನಮ್ಮ ಮಂಗಳೂರು ಸರ್ ಅವರ ಕಾರಿನ ವಾಸನೆ! ಬಿಲ್ಲಿನ ಹೆದೆಗೆ ಉಜ್ಜೋದಕ್ಕೆ ಅಂತ ಅವರ ಕಾರಿನಲ್ಲಿ ಯಾವಾಗಲೂ ಒಂದು ಮೇಣದ ಉಂಡೆ ಇರುತ್ತಿತ್ತು. ಒಂದು ಬೇಸಿಗೆಯಲ್ಲಿ ಅದು ಕರಗಿ ಸೀಟಿಗೆ ಅಂಟಿಕೊಂಡಿತ್ತು. ಐರ್ಲೆಂಡಿನ ಬೇಸಿಗೆ, ಅದೂ ಕರಗಿಸುವಷ್ಟು... ಅದನ್ನೇ ಅವರು ದೊಡ್ಡ ಸುದ್ದಿ ಅನ್ನೋ ಹಾಗೆ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದರು.

ನಾನು ಆಗ ರಿಂಗಾಸ್ಕಿಡಿಯ ಒಂದು ಔಷಧಿ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದೆ. ಸರ್ ಅಲ್ಲೇ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದರು. ಮಂಗಳೂರಿನ ಕಡೆಯ ಕ್ಯಾಥೊಲಿಕರು, ರಿಟೈರ್ ಆಗೋದಕ್ಕೆ ಹತ್ತಿರ ಬಂದಿದ್ದವರು. ನಾನು ಮೈಸೂರಿನವಳು. ಇಡೀ ಫ್ಯಾಕ್ಟರಿಯಲ್ಲಿ ಕನ್ನಡ ಅಂದರೆ ನಾವಿಬ್ಬರೇ. ಹಾಗಾಗಿ ಕ್ಯಾಂಟೀನಿನಲ್ಲಿ ಯಾರನ್ನು ಬೇಕಾದರೂ ಅವರೆದುರೇ ಆಡಿಕೊಳ್ಳುವ ಸೌಕರ್ಯ ಇತ್ತು.

"ಭಾನುವಾರ ಮನೆಯಲ್ಲಿ ಕೂತು ಎಂತ ಮಾಡ್ತಿ ಮಾರಾಯ್ತಿ? ಕಾಡಿಗೆ ಬಾ, ಬೇಟೆ ಉಂಟು," ಅಂದರು ಒಂದಿನ.

ಈ ದೇಶದಲ್ಲಿ ಬಿಲ್ಲು ಹಿಡಿದು ಪ್ರಾಣಿ ಹೊಡೆಯೋದು ಕಾನೂನಿಗೆ ವಿರುದ್ಧ. ಅವರ ಬೇಟೆ ಅಂದರೆ ಒಂದು ಕ್ಲಬ್ಬಿನವರು ಕಾಡಿನ ತುಂಬ ಅಲ್ಲಲ್ಲಿ ನಿಲ್ಲಿಸಿದ ಫೋಮಿನ ಹಂದಿ, ಫೋಮಿನ ಜಿಂಕೆ. ಕೆಸರಿನಲ್ಲಿ ಕಾಲು ಹೂತುಕೊಂಡು ನಡೀಬೇಕು, ಪ್ರತಿ ಪ್ರಾಣಿಗೂ ಬಾಣ ಬಿಡಬೇಕು, ತಪ್ಪಿದರೆ ಮುಳ್ಳಿನ ಪೊದೆಯಲ್ಲಿ ಹುಡುಕಬೇಕು. ಮೊದಲ ದಿನವೇ ನನಗೆ ಹುಚ್ಚು ಹಿಡಿದುಹೋಯಿತು.

ಹಿಡಿದ ಹುಚ್ಚು ಸಣ್ಣದಲ್ಲ. ಸರ್ ಹತ್ತಿರ ಯೂ ಮರದ ಒಂದೇ ತುಂಡಿನಿಂದ ಕೆತ್ತಿದ ಲಾಂಗ್‌ಬೋ ಇತ್ತು. ನನಗಿಂತ ಎತ್ತರ, ಹೊರಮೈ ಕೆನೆ ಬಣ್ಣ, ಒಳಮೈ ಕೆಂಪು. ಕೊಂಡರೆ ಅಂಥದ್ದೇ ಕೊಳ್ಳೋದು ಅಂತ ಹಟ ಹಿಡಿದೆ. ಅವರು ಸುಮ್ಮನೆ ಅದನ್ನು ನನ್ನ ಕೈಗೆ ಕೊಟ್ಟು, "ಎಳೆ, ಎಳೆದು ಹಿಡ್ಕೊಂಡು ಬೆಳಿಗ್ಗೆ ಎಂತ ತಿಂದಿ ಹೇಳು," ಅಂದರು. ಉಪ್ಪಿಟ್ಟು ಅನ್ನೋದರೊಳಗೆ ತೋಳು ಗಡಗಡ ನಡುಗಿತು. ಅದು ನಲವತ್ತೈದು ಪೌಂಡಿನ ಬಿಲ್ಲು, ಅಂದರೆ ಪೂರ್ತಿ ಎಳೆಯೋದಕ್ಕೆ ಅಷ್ಟು ಬಲ ಬೇಕು.

"ಮೂಗಿಗಿಂತ ಮೂಗುತಿ ಭಾರ ಆದ್ರೆ ಹೇಗೆ? ಮೊದಲ ಬಿಲ್ಲು ಹಗುರ ಬೇಕು. ಕೈ ನಡುಗಿದ್ರೆ ನೀನು ಕಲಿಯುದು ನಡುಗುದನ್ನೇ."

ಆಮೇಲೆ ನನ್ನ ಎರಡೂ ತೋಳು ಚಾಚಿಸಿ ಅಳತೆ ತೆಗೆದರು. ಕ್ಲಬ್ಬಿನ ಹಳೇ ಬಿಲ್ಲಿನಲ್ಲೇ ಒಂದು ಚಳಿಗಾಲ ಹೊಡೆಸಿದರು. ಅಷ್ಟಾದ ಮೇಲೇ ನನ್ನದು ಅಂತ ಒಂದು ಬಂದಿದ್ದು: ಮರಕ್ಕೆ ಫೈಬರ್ ಅಂಟಿಸಿದ, ಇಪ್ಪತ್ತೈದು ಪೌಂಡಿನ ಸಾದಾ ಬಿಲ್ಲು. ನೋಡೋದಕ್ಕೆ ಏನೂ ಇಲ್ಲ. "ಗ್ರ್ಯಾಂಡ್ ಉಂಟು," ಅಂದರು ಸರ್, ಇಲ್ಲಿನವರು ಪರವಾಗಿಲ್ಲ ಅನ್ನೋದಕ್ಕೆ ಹೇಳುವ ಹಾಗೆ. ನನಗೆ ಮುಖ ಊದಿಸಿಕೊಳ್ಳೋದಕ್ಕೂ ಪುರುಸೊತ್ತು ಸಿಗಲಿಲ್ಲ, ಏಕೆಂದರೆ ಆ ಬಿಲ್ಲಿನಲ್ಲಿ ಹಂದಿ ನಿಜವಾಗಿಯೂ ಬೀಳೋದಕ್ಕೆ ಶುರುವಾಯಿತು. ಬೀಳೋದು ಅಂದರೆ, ಬಾಣ ಅದಕ್ಕೆ ತಾಗೋದು.

ಆದರೆ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅದೇ ವರ್ಷ ಅವರ ಬಲಭುಜ ಕೈಕೊಟ್ಟಿತು. ಡಾಕ್ಟರು, ಸೂಜಿ, ವ್ಯಾಯಾಮ ಎಲ್ಲಾ ಆಯಿತು. ಎಳೆದರೆ ಹೆದೆ ಮುಕ್ಕಾಲು ಬರುತ್ತಿತ್ತು, ಕೆನ್ನೆವರೆಗೆ ಬರುತ್ತಿರಲಿಲ್ಲ. ನಾನು ನನ್ನದನ್ನು ಚಾಚಿದರೆ, "ಅದು ನಿನ್ನದು," ಅಂತ ತಿರುಗಿಸಿಬಿಡುತ್ತಿದ್ದರು. ಕ್ಲಬ್ಬಿನವರು ಒಳಮೈಯನ್ನು ಸ್ವಲ್ಪ ಹೆರೆಸಿ ಹಗುರ ಮಾಡಿಸಿಕೊಳ್ಳಿ ಅಂದರು. "ನಾನಿರುವಾಗ ಅದಕ್ಕೆ ಕತ್ತಿ ತಾಗಿಸ್ಲಿಕ್ಕೆ ಬಿಡುದಿಲ್ಲ," ಅಂದರು ಸರ್. ಎಂಥಾ ಮೊಂಡು ಮನುಷ್ಯ! ಬಿಲ್ಲು ಬರೋದಿಲ್ಲ, ಬೇರೆ ಬಿಲ್ಲು ಹಿಡಿಯೋದಿಲ್ಲ. ಹೀಗಾದರೆ ಇವರು ಕಾಡಿಗೆ ಬರೋದೇ ನಿಂತುಹೋಗುತ್ತೆ ಅಂತ ನನಗೆ ದಿಗಿಲಾಯಿತು. ನಿಂತೂ ಹೋಯಿತು.

ಆ ದಸರೆಗೆ ನಮ್ಮತ್ತೆ ಮೈಸೂರಿನಿಂದ ಬಂದಿದ್ದರು. ಆಯುಧಪೂಜೆಗೆ ನನ್ನ ಬಿಲ್ಲಿಡ್ತೀವಿ ಅಂತ ಸರ್‌ಗೆ ಹೇಳಿದೆ. ಸಂಜೆ ಮನೆ ಹತ್ತಿರ ಬಂದು ತಮ್ಮ ಬಿಲ್ಲನ್ನೂ ಬಟ್ಟೆಚೀಲದ ಸಮೇತ ಕೊಟ್ಟರು. "ಇದನ್ನೂ ಇಡು. ನಮ್ಮಲ್ಲಿ ತೆನೆಹಬ್ಬ ಉಂಟು, ಆಯುಧಪೂಜೆ ಇಲ್ಲ," ಅಂದರು. ಯಾವಾಗ ವಾಪಸ್ ಕೊಡಲಿ ಅಂದೆ. "ನಿನ್ನಲ್ಲೇ ಇರಲಿ," ಅಂದರು.

ಬಿಲ್ಲನ್ನು ಹೊಡೆಯುವಾಗ ಮಾತ್ರ ಹೆದೆ ಏರಿಸಿ ಬಗ್ಗಿಸೋದು, ಮುಗಿದ ಕೂಡಲೇ ಇಳಿಸಿ ನೆಟ್ಟಗೆ ಬಿಡೋದು, ಇದು ಕ್ಲಬ್ಬಿನಲ್ಲಿ ಮೊದಲು ಕಲಿಸುವ ಪಾಠ. ಅತ್ತೆ ಆ ಕ್ಲಬ್ಬಿನ ಮೆಂಬರ್ ಅಲ್ಲ. "ಹೆದೆ ಇಲ್ಲದ ಬಿಲ್ಲು ಬರೀ ದೊಣ್ಣೆ ಕಣೇ, ದೊಣ್ಣೆಗೆ ಯಾರಾದರೂ ಕುಂಕುಮ ಇಡ್ತಾರಾ?" ಅಂದರು. ಸರಿ, ಪೂಜೆ ಮುಗಿಯೋವರೆಗೆ ತಾನೇ ಅಂತ ನಾನೂ ನನ್ನ ಗಂಡನೂ ಏದುಸಿರು ಬಿಟ್ಟುಕೊಂಡು ಎರಡಕ್ಕೂ ಹೆದೆ ಏರಿಸಿದೆವು. ಅರಿಶಿನ, ಕುಂಕುಮ, ಹೂವು, ಬೂದುಗುಂಬಳದ ಬದಲು ಇಲ್ಲಿನ ಕಿತ್ತಳೆ ಬಣ್ಣದ ಕುಂಬಳ. ಮಂಗಳಾರತಿ ಆದ ಮೇಲೆ ಇಳಿಸೋಣ ಅಂತ ಕೈಹಾಕಿದರೆ ಅತ್ತೆ ಹೌಹಾರಿದರು. ಪೂಜೆಗೆ ಕೂತ ಆಯುಧ ವಿಜಯದಶಮಿವರೆಗೆ ಅಲ್ಲಾಡಬಾರದಂತೆ. ಅವರಿಗೋ ಚಳಿ, ಹೀಟರ್ ಹಗಲೂರಾತ್ರಿ ಉರೀತಿತ್ತು. ಬಿಲ್ಲು ಒರಗಿದ್ದದ್ದು ಆ ಹೀಟರ್ ಪಕ್ಕದ ಗೋಡೆಗೇ.

ದಶಮಿ ಪೂಜೆ ಮುಗಿಸಿ ಹೆದೆ ಇಳಿಸಿದೆ. ಫೈಬರಿನ ನನ್ನ ಬಿಲ್ಲು ಟಣ್ ಅಂತ ನೆಟ್ಟಗಾಯಿತು. ಅವರದು ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗೆ ಗಂಡನ ಮೇಲೆ ಕೂಗಾಡಿದೆ. ಅತ್ತೆ ಪಾಪ, ಮುಖ ಸಣ್ಣದು ಮಾಡಿಕೊಂಡು ಒಂದು ಡಬ್ಬಿ ಕೋಡುಬಳೆ ತುಂಬಿಸಿ ಕೈಗಿಟ್ಟರು. ಬಿಲ್ಲೂ ಕೋಡುಬಳೆಯೂ ಹಿಡಿದು ಸರ್ ಮನೆಗೆ ಹೋದೆ.

ಅವರು ಒಂದು ಕಣ್ಣು ಮುಚ್ಚಿ ಬಿಲ್ಲಿನ ಉದ್ದಕ್ಕೂ ನೋಡಿದರು. ನಾನು ನಡೆದದ್ದೆಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಕೇಳಿಸಿಕೊಂಡರೋ ಇಲ್ಲವೋ, ಹೆದೆ ಏರಿಸಿದರು. ಹಿತ್ತಲಿಗೆ ಹೋಗಿ ನಿಂತು ಮೆಲ್ಲಗೆ ಎಳೆದರು. ಅರ್ಧ ಬಂತು, ಮುಕ್ಕಾಲು ಬಂತು... ಕೈ ಕೆನ್ನೆವರೆಗೂ ಬಂದು ನಿಂತಿತು. ಅಷ್ಟೇ ಮೆಲ್ಲಗೆ ವಾಪಸ್ ಬಿಟ್ಟರು. ಅವರ ಕಣ್ಣು ತುಂಬಿತ್ತು.

"ಬಂತು ಮಾರಾಯ್ತಿ," ಅಂದರು.

ಕಾವಿನಲ್ಲಿ ಬಗ್ಗಿ ಕೂತ ಮರ ತನ್ನ ಬಿಗಿ ಕಳೆದುಕೊಳ್ಳುತ್ತೆ ಅಂತ ಆಮೇಲೆ ಹೇಳಿದರು. ಎಷ್ಟೋ ಪೌಂಡು ಇಳಿದುಹೋಗಿತ್ತು. "ಸೊಕ್ಕು ಇಳೀತು ನೋಡು," ಅಂದು ನಗುತ್ತಾ ಒಂದು ಕೋಡುಬಳೆ ಮುರಿದರು. ಇಳಿದದ್ದು ಬಿಲ್ಲಿನ ಸೊಕ್ಕೋ ಅವರದೋ ಅಂತ ಕೇಳೋ ಧೈರ್ಯ ನನಗಿರಲಿಲ್ಲ.

ಆ ಚಳಿಗಾಲ ಪೂರ್ತಿ ಅವರು ಪ್ರತಿ ಭಾನುವಾರ ಬಂದರು. ಬಾಣಗಳು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಹಂದಿಯ ಕಾಲ ಮುಂದೆ ಕೆಸರಿಗೆ ಚುಚ್ಚಿಕೊಂಡು ನಿಲ್ಲುತ್ತಿದ್ದವು. "ಇವತ್ತು ಹಂದಿಗೆ ರಜೆ," ಅನ್ನುತ್ತಿದ್ದರು. ವಾಪಸ್ ಬರುವ ದಾರಿಯಲ್ಲಿ ಕಾರಿನಲ್ಲಿ ಕೊಂಕಣಿ ಹಾಡು ಗುನುಗುತ್ತಿದ್ದರು. ಅಷ್ಟು ಖುಷಿಯಾಗಿ ಗುರಿ ತಪ್ಪಿದವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ವಸಂತ ಬರೋದರೊಳಗೆ ಒಂದು ಬೆಳಿಗ್ಗೆ ಎದೆನೋವು ಅಂತ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಬಿಲ್ಲು ಅವರ ಮಗಳ ಮನೆಯಲ್ಲಿದೆ.

ಅತ್ತೆ ಅಷ್ಟರಲ್ಲಿ ಮೈಸೂರಿಗೆ ಹಿಂತಿರುಗಿದ್ದರು. ಸರ್ ಹೋದದ್ದನ್ನು ಅವರಿಗೆ ನಾನು ಹೇಳಲಿಲ್ಲ. ಮೊದಲೇ ಬಿಲ್ಲು ಹಾಳು ಮಾಡಿದೆ ಅಂತ ಕೊರಗುತ್ತಿದ್ದವರು, ಎಲ್ಲಿ ಅದರಿಂದಲೇ ಹೀಗಾಯಿತು ಅಂದುಕೊಂಡುಬಿಡುತ್ತಾರೋ ಅಂತ. ನಾವು ಲೂಕನ್ ಅನ್ನೋ ಊರಿಗೆ ಮನೆ ಬದಲಾಯಿಸಿದೆವು, ವರ್ಷಗಳು ಹೋದವು. ಸರ್ ಹೇಗಿದ್ದಾರೆ ಅಂತ ಅತ್ತೆ ಕೇಳೋದು, ನಾನು ಚೆನ್ನಾಗಿದ್ದಾರೆ ಅನ್ನೋದು, ಹೀಗೇ ನಡೆಯಿತು.

ಹೋದ ವಾರ ಫೋನಿನಲ್ಲಿ ಮತ್ತೆ ಕೇಳಿದರು. ಇನ್ನು ಆಗೋದಿಲ್ಲ ಅನ್ನಿಸಿ ಹೇಳಿಬಿಟ್ಟೆ.

"ಹೋಗೋವರೆಗೂ ಅದೇ ಬಿಲ್ಲಲ್ಲಿ ಹೊಡೆದ್ರೇನೇ?" ಅಂದರು ಅತ್ತೆ.

"ಹೂಂ ಅತ್ತೆ. ಅದರಲ್ಲೇ."

"ಸದ್ಯ," ಅಂದರು.

ಮಣ್ಣು ಮಾಡುವಾಗಲೂ ಅಳದಿದ್ದ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫೋನು ಕಿವಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.