ವಾಪಸ್ ಆಗುವುದಿಲ್ಲ ಎಂದಿದ್ದೆ

ಹಣ ವಾಪಸ್ ಮಾಡಬಹುದಾಗಿತ್ತು. ಮಾರಾಟ ರದ್ದು ಮಾಡಬಹುದಾಗಿತ್ತು. ವಿಮಲಾ ಆಂಟಿ ಕೇಳಿದಾಗ ಅದು ನನಗೆ ಗೊತ್ತಿತ್ತು — ಚೆನ್ನಾಗಿಯೇ ಗೊತ್ತಿತ್ತು — ಆದರೂ ಆಗುವುದಿಲ್ಲ ಎಂದುಬಿಟ್ಟೆ. ಆ ಒಂದು ಮಾತಿನಿಂದ ಅವರ ಹಾರ್ಮೋನಿಯಂ ಕೈಬಿಟ್ಟು ಹೋಯಿತು. ಅಂದಿನಿಂದ ಅವರು ತಪ್ಪನ್ನೆಲ್ಲ ಒಂದು ಕಂಪನಿಯ ಮೇಲೆ ಹೊರಿಸಿ, ನನ್ನನ್ನು ಮಾತ್ರ ಎಲ್ಲರೆದುರು ಹೊಗಳುತ್ತ ಬಂದರು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತ ಬಂದೆ. ಇದನ್ನು ಬರೆಯುತ್ತಿರುವುದು ಆ ಹೊಗಳಿಕೆಯನ್ನು ನಂಬಿದವರಿಗಾಗಿ — ಡಲ್ಲಾಸಿನಲ್ಲೂ ಹ್ಯೂಸ್ಟನ್ನಿನಲ್ಲೂ ನೀವು ಅನೇಕರಿದ್ದೀರಿ.

ಮದುವೆಯಾಗಿ ಮೈಸೂರಿನಿಂದ ಬಂದಾಗ ನಾವಿದ್ದದ್ದು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಕಿಟಕಿ ತೆಗೆದರೆ ಫ್ರೀವೇ ಸದ್ದು. ಬೆಳಿಗ್ಗೆ ಗಂಡ ಗಿರೀಶ ಇದ್ದೊಂದು ಕಾರು ತೆಗೆದುಕೊಂಡು ಲಾಸ್ ಕೊಲಿನಾಸಿನ ಆಫೀಸಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಎಂಜಿನಿಯರಿಂಗ್ ಸರ್ಟಿಫಿಕೇಟು ಸೂಟ್‌ಕೇಸಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇತ್ತು.

ಎದುರು ಮನೆಯ ಬಾಗಿಲು ವಿಮಲಾ ಆಂಟಿಯದು. ಧಾರವಾಡದವರು. ಗಂಡ ತೀರಿಕೊಂಡಿದ್ದರು, ಮಗಳು ಸುಧಾ ಹ್ಯೂಸ್ಟನ್ನಿನಲ್ಲಿ ಡಾಕ್ಟರು. ನಾನು ಬಂದ ಮೊದಲ ವಾರವೇ ಬಾಗಿಲು ತಟ್ಟಿ, ಹಚ್ಚಿದ ಅವಲಕ್ಕಿಯ ಡಬ್ಬಿ ಕೈಗಿಟ್ಟು, “ಒಬ್ಬಾಕಿನ ಕೂತು ಏನ್ ಮಾಡ್ತಿ? ಬಾ ಇತ್ತಾಗ,” ಎಂದು ಕರೆದುಕೊಂಡು ಹೋದರು. ಅವರ ಹಾಲಿನಲ್ಲಿ ಸೋಫಾಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಹಾರ್ಮೋನಿಯಂ. ಅವರ ಬಾಯಲ್ಲಿ ಅದು ಪೇಟಿ. ಮದುವೆಯಲ್ಲಿ ಅವರ ತಂದೆ ಹುಬ್ಬಳ್ಳಿಯಲ್ಲಿ ಮಾಡಿಸಿ ಕೊಟ್ಟದ್ದಂತೆ. ಭಾನುವಾರ ಸಂಜೆ ಸುತ್ತಮುತ್ತಲ ಯೂನಿವರ್ಸಿಟಿಗಳ ಹುಡುಗ ಹುಡುಗಿಯರು ಅಲ್ಲಿ ಸೇರುತ್ತಿದ್ದರು. ಅರ್ಧ ಜನ ಹಾಡಿಗೆ, ಅರ್ಧ ಜನ ಚುರುಮುರಿಗೆ. ಯಾರಿಗೂ ಶ್ರುತಿ ಸೇರುತ್ತಿರಲಿಲ್ಲ. ಆಂಟಿ ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಟೆಕ್ಸಾಸಿನಲ್ಲಿ ನನಗೆ ಮೊದಲು ಮನೆ ಅನ್ನಿಸಿದ್ದು ಆ ಹಾಲು — ಆ ಸಂಜೆಗಳನ್ನು ನೆನೆದರೆ ಈಗಲೂ...

ಇರಲಿ. ಹೇಳಬೇಕಾದ್ದು ಬೇರೆ.

ಆಗ ಇಂಟರ್ನೆಟ್ ಹರಾಜಿನ ಹುಚ್ಚು ಹೊಸದು. ಮೋಡೆಮ್ ಕೀಂಯ್ ಎಂದು ಕೂಗಿ ಲೈನು ಸಿಗುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತಿದ್ದ ಕಾಲ. ಮದುವೆಯಲ್ಲಿ ಬಂದಿದ್ದ ಎರಡನೇ ಮಿಕ್ಸಿಯಿಂದ ಶುರು ಮಾಡಿದೆ. ಆಮೇಲೆ ಕೆಲಸ ಹೋಗಿ ಇಂಡಿಯಾಕ್ಕೆ ಹೊರಟವರು, ಬೇರೆ ಊರಿಗೆ ಶಿಫ್ಟ್ ಆಗುವವರು ತಮ್ಮ ಸಾಮಾನು ನನ್ನ ಹತ್ತಿರ ತಂದರು. ಮಾರಿಕೊಡುತ್ತಿದ್ದೆ, ನನಗಾಗಿ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ನನಗೆ ಬೇಕಾದದ್ದು ಇನ್ನೊಂದು. ಕೊಂಡವರು ಹರಾಜಿನ ಸೈಟಿನಲ್ಲಿ ಮಾರಿದವರ ಬಗ್ಗೆ ಒಂದು ಸಾಲು ಬರೆಯುತ್ತಿದ್ದರು. ಒಳ್ಳೆಯ ಸಾಲು ಸೇರಿದಂತೆಲ್ಲ ನನ್ನ ಹೆಸರಿನ ಪಕ್ಕದ ನಕ್ಷತ್ರ ಬಣ್ಣ ಬದಲಿಸುತ್ತಿತ್ತು. ಮನೆಯ ಲೀಸು ಗಿರೀಶನ ಹೆಸರಿನಲ್ಲಿ, ಕಾರು ಗಿರೀಶನದು, ಬ್ಯಾಂಕ್ ಅಕೌಂಟೂ ಅವನದೇ. ಈ ದೇಶದಲ್ಲಿ ನನ್ನ ಹೆಸರಿನಲ್ಲಿದ್ದದ್ದು ಆ ನಕ್ಷತ್ರ ಒಂದೇ. ಅದರಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ.

ಎಲ್ಲರೂ ಅಡುಗೆ ಮಾಡಿ ತರುವ ಪಾಟ್‌ಲಕ್‌ಗಳಲ್ಲಿ ಜನ ನನ್ನನ್ನೇ ಕೇಳುತ್ತಿದ್ದರು — ಹರಾಜಿನಲ್ಲಿ ಮಾರಿದರೆ ಹಣ ತರಿಸಿಕೊಳ್ಳಲು ಯಾವ ಸರ್ವಿಸ್ ಒಳ್ಳೆಯದು? ಪ್ಲೇಟು ಕೈಯಲ್ಲಿ ಹಿಡಿದು ಭಾಷಣವನ್ನೇ ಮಾಡುತ್ತಿದ್ದೆ. ಇದರಲ್ಲಿ ಫೀ ಕಡಿಮೆ, ಅದರಲ್ಲಿ ಮೋಸಕ್ಕೆ ರಕ್ಷಣೆ ಹೆಚ್ಚು, ಇನ್ನೊಂದರಲ್ಲಿ ಹಣ ತಕ್ಷಣ. ಗಂಡಸರೂ ಗಮನವಿಟ್ಟು ಕೇಳುತ್ತಿದ್ದರು. ಎಷ್ಟು ಖುಷಿಯಾಗುತ್ತಿತ್ತೆಂದರೆ — ಆ ಖುಷಿಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಆಂಟಿಯ ಬೆರಳುಗಳ ಗಂಟು ಊದಿಕೊಳ್ಳಲು ಶುರುವಾದದ್ದು ಆಗಲೇ. ಪೇಟಿಯ ಮೇಲೆ ಕೈ ಓಡುತ್ತಿರಲಿಲ್ಲ. ಅವರು ಮಗಳ ಮನೆಗೆ ಹೋಗುವುದೂ ನಿಶ್ಚಯವಾಯಿತು. ಒಂದು ಮಧ್ಯಾಹ್ನ ಬಂದು, “ಶುಭಾ, ಪೇಟಿ ಮಾರಿಬಿಡೋಣ. ನುಡಿಸದ ಇಟ್ರ ಅದರ ಸ್ವರ ಸಾಯ್ತದ. ನುಡಿಸೋರ ಮನಿಗೆ ಹೋಗಲಿ,” ಎಂದರು.

ನೆಲದ ಮೇಲೆ ಬಿಳಿ ಬೆಡ್‌ಶೀಟು ಹಾಸಿ, ಪೇಟಿ ಇಟ್ಟು ಫೋಟೋ ತೆಗೆದೆವು. ಆಂಟಿ ಎಣ್ಣೆ ಬಟ್ಟೆಯಲ್ಲಿ ಅದರ ಮೈ ಒರೆಸಿದ್ದೇ ಒರೆಸಿದ್ದು. ನಾನು ವಿವರಣೆ ಟೈಪ್ ಮಾಡುವಾಗ ಪಕ್ಕದಲ್ಲಿ ಕೂತು, “ಈ ಸ್ವರ ಥಂಡಿಯೊಳಗ ಸ್ವಲ್ಪ ಅಳತದ. ಅದನ್ನೂ ಬರಿ,” ಎಂದರು. ಅದೆಲ್ಲ ಬರೆದರೆ ಯಾರೂ ಕೊಳ್ಳಲ್ಲ ಆಂಟಿ ಎಂದೆ. “ಕೊಳ್ಳದಿದ್ರ ಬಿಡಲಿ. ಸುಳ್ಳ ಹೇಳಿ ಮಾರೂದು ಬ್ಯಾಡ.” ಬರೆದೆ.

ಆಮೇಲೆ ಹಣದ ಮಾತು ಬಂತು. ಹರಾಜಿಗೆ ಹಾಕುವ ಮೊದಲೇ, ಹಣ ಹೇಗೆ ಬರಬೇಕೆಂದು ನಾವು ಗುರುತು ಮಾಡಬೇಕಿತ್ತು. ಆಂಟಿಗೆ ಟಪಾಲಿನಲ್ಲಿ ಮನಿ ಆರ್ಡರ್ ಬರುವುದೇ ಇಷ್ಟ. ಇನ್ನೊಂದು ಸರ್ವಿಸ್ ಇತ್ತು: ಕೊಳ್ಳುವವನ ಹಣವನ್ನು ಮಧ್ಯದವರು ಹಿಡಿದಿಟ್ಟುಕೊಂಡು, ವಸ್ತು ತಲುಪಿ ಅವನು ಒಪ್ಪಿದ ಮೇಲೆಯೇ ನಮಗೆ ಕೊಡುವುದು. ಅದನ್ನು ಕೇಳಿ ಆಂಟಿ, “ಇದು ಛಲೋ ಅದ ನೋಡು. ಅವನಿಗೂ ವಿಚಾರ ಮಾಡ್ಲಿಕ್ಕೆ ವ್ಯಾಳ್ಯಾ ಸಿಗತದ, ನಮಗೂ ಸಿಗತದ,” ಎಂದರು.

“ಅಯ್ಯೋ, ಅದೆಲ್ಲ ತುಂಬಾ ಸ್ಲೋ ಆಂಟಿ. ಇದರಲ್ಲಿ ನೋಡಿ, ಇಮೇಲ್ ಬಂದ ಹಾಗೆ ದುಡ್ಡು ಬರುತ್ತೆ,” ಎಂದು ನಾನು ಬಳಸುತ್ತಿದ್ದ ಸರ್ವಿಸನ್ನೇ ಕ್ಲಿಕ್ ಮಾಡಿದೆ. ಬೇಗ ಮುಗಿಸಿದರೆ ಕೊಂಡವರು ಒಳ್ಳೆಯ ಸಾಲು ಬರೆಯುತ್ತಿದ್ದರು. ನಾನು ಆರಿಸಿದ್ದು ಆಂಟಿಗಾಗಿ ಅಲ್ಲ.

ಆಸ್ಟಿನ್ನಿನ ಒಬ್ಬ ಸಂಗೀತಗಾರ ಹರಾಜು ಗೆದ್ದ. ಹಣ ಅಂದೇ ಬಂತು. ಕಳಿಸಿದರೆ ಏಟು ಬಿದ್ದೀತು, ನಾವೇ ತಂದುಕೊಡುತ್ತೇವೆ ಎಂದು ಅವನಿಗೆ ತಿಳಿಸಿದೆ.

ಮರುದಿನ ಆಂಟಿ ಬಾಗಿಲು ತಟ್ಟಿದರು. ಸೀರೆಯ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದರು. ಹ್ಯೂಸ್ಟನ್ನಿನಿಂದ ಫೋನ್ ಬಂದಿತ್ತಂತೆ. ಮೊಮ್ಮಗಳು ನೇಹಾ, ಇನ್ನೂ ಶಾಲೆಗೆ ಸೇರದ ಮಗು, “ಅಜ್ಜಿ, ಈಸ್ ದ ಪೇಟಿ ಕಮಿಂಗ್ ಟೂ?” ಎಂದು ಕೇಳಿದ್ದಳಂತೆ. ಹಿಂದಿನ ಸಲ ಬಂದಾಗ ಆಂಟಿ ಅವಳಿಂದ ತಿದಿ ಒತ್ತಿಸಿದ್ದರು.

“ನನ್ನ ಬೆರಳು ಹೋದ್ರೇನಾತು, ಆಕೀ ಬೆರಳು ಅದಾವಲ್ಲ ಶುಭಾ. ನನಗ ಹೊಳೀಲೇ ಇಲ್ಲ. ಆ ರೊಕ್ಕ ತಿರಗಿ ಕೊಡ್ಲಿಕ್ಕೆ ಬರ್ತದೇನು?”

ಬರುತ್ತಿತ್ತು. ಹಣ ಆ ಸರ್ವಿಸ್‌ನಲ್ಲೇ ಹಾಗೇ ಕೂತಿತ್ತು. ವಾಪಸ್ ಮಾಡಲು ಪರದೆಯ ಮೇಲೆಯೇ ದಾರಿಯಿತ್ತು. ಆದರೆ ಆತ ಸಿಟ್ಟಿನಿಂದ ಒಂದು ಸಾಲು ಬರೆದರೆ? ಮಾರುತ್ತೇನೆಂದು ಹೇಳಿ ಮಾರದವಳು ಎಂದರೆ? ನನ್ನ ನಕ್ಷತ್ರ —

“ಇಲ್ಲ ಆಂಟಿ. ಈ ಸರ್ವಿಸ್‌ನಲ್ಲಿ ಒಂದ್ಸಲ ಬಂದ್ರೆ ಮುಗೀತು. ವಾಪಸ್ ಆಗಲ್ಲ.”

ಅವರು ಕಂಪ್ಯೂಟರಿನ ಕಡೆ ನೋಡಿದರು. ನನ್ನ ಕಡೆ ಅಲ್ಲ. ನನ್ನನ್ನು ಅನುಮಾನಿಸುವುದು ಅವರಿಗೆ ಗೊತ್ತಿರಲಿಲ್ಲ. “ಹೌದೇನು,” ಎಂದರು. “ಹಂಗಾರ ಏನ್ ಮಾಡ್ಲಿಕ್ಕಾಗ್ತದ ಬಿಡು. ನೀ ಮನಸಿಗೆ ಹಚ್ಕೋಬ್ಯಾಡ.”

ಶನಿವಾರ ಗಿರೀಶನ ಕಾರಿನಲ್ಲಿ ನಾನೂ ಆಂಟಿಯೂ ಹೊರಟೆವು. ಆಗಷ್ಟೇ ನನಗೆ ಲೈಸೆನ್ಸ್ ಬಂದಿತ್ತು. ಹಿಂದಿನ ಸೀಟಿನಲ್ಲಿ ಪೇಟಿಗೆ ಕೌದಿ ಹೊದಿಸಿ, ಬೆಲ್ಟು ಹಾಕಿದ್ದರು. ದಾರಿಯುದ್ದಕ್ಕೂ ಮೇಲಿಂದ ಮೇಲೆ ಕೈ ಹಿಂದೆ ಚಾಚಿ ಅದನ್ನು ಮುಟ್ಟುತ್ತಿದ್ದರು. ಆಸ್ಟಿನ್ನಿನಲ್ಲಿ ಆ ಮನೆಯ ಮುಂದೆ ಕಾರು ನಿಲ್ಲಿಸಿದಾಗ, “ನಾ ಇಳಿಯೂದಿಲ್ಲ. ನೀನ ಕೊಟ್ಟು ಬಾ,” ಎಂದರು.

ಆತ ಗಡ್ಡದ ಮನುಷ್ಯ, ಮೆಲುಮಾತಿನವನು. ಪೇಟಿಯನ್ನು ಮಗುವಿನಂತೆ ಎತ್ತಿ ವರಾಂಡದಲ್ಲಿ ಇಟ್ಟುಕೊಂಡ. ಆಮೇಲೆ ಕಾರಿನ ಕಡೆ ನೋಡಿ ಕೇಳಿದ: “ಅವರು ಅಳುತ್ತಿದ್ದಾರಾ?” ಅವನೇ ಮುಂದುವರಿಸಿದ. “ಅವರಿಗೆ ಕೊಡಲು ಮನಸ್ಸಿಲ್ಲದಿದ್ದರೆ ತೆಗೆದುಕೊಂಡು ಹೋಗಿ. ಹಣ ವಾಪಸ್ ಕಳಿಸಿದರೆ ಸಾಕು. ನಿಮ್ಮ ಬಗ್ಗೆ ನಾನು ಕೆಟ್ಟದ್ದೇನೂ ಬರೆಯುವುದಿಲ್ಲ.”

ಇದನ್ನು ಸರಿಯಾಗಿ ಹೇಳಬೇಕು. ನಾನು ಹೆದರಿದ್ದು ಯಾವುದಕ್ಕೋ ಅದನ್ನೇ ಅವನು ತೆಗೆದುಹಾಕಿದ್ದ. ನನ್ನ ಹೆಸರಿಗೆ ಇನ್ನು ಅಪಾಯವಿರಲಿಲ್ಲ. ಕಾರಿನವರೆಗೆ ನಡೆದು, ಆಂಟಿ, ವಾಪಸ್ ಆಗುತ್ತಂತೆ, ನಾನು ಅವತ್ತು ಸುಳ್ಳು ಹೇಳಿದೆ, ಎನ್ನಬೇಕಿತ್ತು — ಅಷ್ಟೇ. ಅಷ್ಟನ್ನು ನನ್ನ ಕೈಯಲ್ಲಿ ಮಾಡಲಾಗಲಿಲ್ಲ.

“ಇಲ್ಲ, ಹಳೆಯದೆಲ್ಲ ನೆನಪಾಗಿದೆ ಅಷ್ಟೆ. ಅವರಿಗೆ ಖುಷಿಯೇ,” ಎಂದೆ.

ಕಾರಿಗೆ ಬಂದಾಗ ಆಂಟಿ ಕೇಳಿದರು. “ಏನಂದಾ?”

“ಚೆನ್ನಾಗಿ ನೋಡ್ಕೋತೀನಿ ಅಂದ್ರು ಆಂಟಿ.”

“ಛಲೋ ಮನಷ್ಯಾ ಇರಬೇಕು,” ಎಂದು ಕಣ್ಣೊರೆಸಿಕೊಂಡರು. ಡಲ್ಲಾಸಿಗೆ ಮರಳುವಾಗ ನಡುವೆ ಗ್ಯಾಸ್ ಸ್ಟೇಷನ್ನಿನಲ್ಲಿ ಇಳಿದು ನನಗೆ ಕಾಫಿ ತಂದುಕೊಟ್ಟರು. ಡ್ರೈವ್ ಮಾಡಿ ದಣಿದಿದ್ದೀಯ ಎಂದರು.

ಆ ವಾರ ಸಂಗೀತಗಾರ ನನ್ನ ಬಗ್ಗೆ ಬರೆದ ಸಾಲಿನಲ್ಲಿ ‘ಪ್ರಾಮಾಣಿಕ’ ಎಂಬ ಮಾತಿತ್ತು.

ಆಂಟಿ ಹ್ಯೂಸ್ಟನ್ನಿಗೆ ಹೋದರು. ನಾನು ಹರಾಜು ಬಿಟ್ಟೆ. ವೀಸಾ ಬದಲಾಯಿತು, ಕೆಲಸ ಸಿಕ್ಕಿತು, ಮಕ್ಕಳಾದರು, ಸೌತ್‌ಲೇಕಿನಲ್ಲಿ ಮನೆ ತೆಗೆದುಕೊಂಡೆವು. ಆಂಟಿ ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದರು. ಹೇಳಿಬಿಡೋಣ ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ಮಾತು ಮಕ್ಕಳ ಕಡೆಗೋ ಮಂಡಿ ನೋವಿನ ಕಡೆಗೋ...

ಈ ವರ್ಷ ನೇಹಾಳ ಗ್ರಾಜುಯೇಷನ್ ಪಾರ್ಟಿಗೆ ಹ್ಯೂಸ್ಟನ್ನಿಗೆ ಹೋದೆವು. ಆಂಟಿ ತೀರ ಬಗ್ಗಿದ್ದಾರೆ. ನನ್ನ ಕೈ ಹಿಡಿದುಕೊಂಡು ಬಂದವರಿಗೆಲ್ಲ ಪರಿಚಯ ಮಾಡಿಸಿದರು. “ಇಕೀ ಶುಭಾ ಅಂತ. ನನ್ನ ಮಗಳ ಇದ್ದಂಗ. ನನ್ನ ಪೇಟಿ ತಿರಗಿ ತರಬೇಕಂತ ಭಾಳ ಒದ್ದಾಡಿದ್ಲು ಪಾಪ. ಆ ಕಂಪನಿಯವ್ರು ಬಿಡಲಿಲ್ಲ.”

ನಾನು ಒದ್ದಾಡಿರಲೇ ಇಲ್ಲ. ಅದನ್ನು ಅವರೇ ಪ್ರೀತಿಯಿಂದ ಸೇರಿಸಿಕೊಂಡಿದ್ದರು.

ಪಕ್ಕದಲ್ಲಿದ್ದ ನೇಹಾ ನಕ್ಕಳು. “ಥ್ಯಾಂಕ್ಸ್ ಫಾರ್ ಟ್ರೈಯಿಂಗ್, ಶುಭಾ ಆಂಟಿ.”

ಹೋಟೆಲಿಗೆ ಹೋಗುವ ದಾರಿಯಲ್ಲಿ ಗಿರೀಶನಿಗೆ ಎಲ್ಲ ಹೇಳಿದೆ. ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. “ಈಗ ಹೇಳಿದ್ರೆ ನಿನಗೆ ಹಗುರ ಆಗುತ್ತೆ. ಅವ್ರಿಗೆ ಏನಾಗುತ್ತೆ?” ಎಂದ. ಅವನ ಮಾತು ಸುಳ್ಳಲ್ಲ. ಆದರೂ ಮರುದಿನ ನಾನು ಆಂಟಿಗೆ ಹೇಳಿದ್ದು ಅವರಿಗಾಗಿಯೋ ನನಗಾಗಿಯೋ — ಈಗಲೂ ನನಗೆ ನಿಶ್ಚಯವಿಲ್ಲ.

ಬೆಳಿಗ್ಗೆ ಸುಧಾಳ ಮನೆಗೆ ಹೋದಾಗ ಆಂಟಿ ಒಬ್ಬರೇ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎದುರು ಕೂತು ಹೇಳಿದೆ. ನಕ್ಷತ್ರದ ಮಾತು ಎತ್ತಲಿಲ್ಲ. ಒಂಟಿತನ, ವೀಸಾ, ಯಾವುದನ್ನೂ ಎತ್ತಲಿಲ್ಲ. ಹಣ ವಾಪಸ್ ಆಗುತ್ತಿತ್ತು, ಆಗಲ್ಲ ಎಂದು ಸುಳ್ಳು ಹೇಳಿದೆ ಎಂದೆ. ಆಸ್ಟಿನ್ನಿನ ವರಾಂಡದಲ್ಲಿ ಆದದ್ದನ್ನೂ ಹೇಳಿದೆ.

ಅವರ ಕೈ ನಿಂತಿತು. “ಆ ಮನಷ್ಯಾ ತಾನ ತಿರಗಿ ಕೊಡ್ತೀನಿ ಅಂದಿದ್ನಾ?”

“ಹೂಂ ಆಂಟಿ.”

“ನಾ ಅಲ್ಲೇ ಕಾರಿನ್ಯಾಗ ಕೂತಿದ್ದೆ.”

“ಹೂಂ.”

ಅವರು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. “ನೇಹಾ ಎಷ್ಟ್ ದಿನ ಕೇಳಿದ್ಲು ಗೊತ್ತೇನು,” ಎಂದರು. ಮತ್ತೆ ಸೊಪ್ಪು ಕೈಗೆತ್ತಿಕೊಂಡು, “ಈಗ ಹೋಗು ಶುಭಾ. ಇವತ್ತು ನಿನ್ ಮಾರಿ ನೋಡ್ಲಿಕ್ಕೆ ಆಗೂದಿಲ್ಲ.”

ಆಮೇಲೆ ಆಸ್ಟಿನ್ನಿಗೆ ಹೋಗಿ ಹುಡುಕಿದೆ. ಆ ಬೀದಿಯಲ್ಲಿ ಆ ಮನೆಯೇ ಇಲ್ಲ. ಎತ್ತರದ ಅಪಾರ್ಟ್‌ಮೆಂಟ್ ಎದ್ದಿದೆ. ಹಳೆಯ ಇಮೇಲಿಗೆ ಬರೆದೆ. ಅಂಥ ವಿಳಾಸ ಇಲ್ಲವೆಂದು ತಿರುಗಿ ಬಂತು. ಸುಧಾಗೆ ಹೇಳಿದೆ, ನೇಹಾಗೆ ಹೇಳಿದೆ. ಸುಧಾ ಫೋನಿಟ್ಟಳು. ನೇಹಾ, “ಓಕೆ,” ಎಂದಳು.

ಒಂದೂವರೆ ತಿಂಗಳ ನಂತರ, ಫೋನ್ ಮಾಡದೆ, ಹ್ಯೂಸ್ಟನ್ನಿಗೆ ಹೋಗಿ ಆಂಟಿಯ ಬಾಗಿಲಲ್ಲಿ ನಿಂತೆ. ಅವರೇ ತೆರೆದರು. ಒಂದು ಗಳಿಗೆ ನೋಡಿದರು.

“ಬರ್ರಿ,” ಎಂದರು. “ಕೂಡ್ರಿ. ಚಹಾ ತಗೋತೀರೇನು?”

ಫಾರ್ಮರ್ಸ್ ಬ್ರಾಂಚಿನಲ್ಲಿ ಬಾಗಿಲು ತಟ್ಟಿದ ದಿನದಿಂದ ಅವರು ನನ್ನನ್ನು ‘ನೀ’ ಎಂದೇ ಕರೆದವರು. ಆ ಬಹುವಚನ ಹೊರಗಿನವರಿಗೆ ಹೇಳುವಂಥದ್ದು. ತಿದ್ದಲಿಲ್ಲ, ಹಾಗೆ ಕರೆಯಬೇಡಿ ಎನ್ನುವ ಹಕ್ಕು ನನಗಿಲ್ಲ. ತಗೋತೀನಿ ಎಂದೆ. ಚಹಾ ಕುಡಿದು, ಮಂಡಿಯ ಔಷಧಿ ವಿಚಾರಿಸಿ, ಬಂದೆ.

ಮೊನ್ನೆಯೂ ಹೋಗಿದ್ದೆ. ಮೊನ್ನೆಯೂ “ಬರ್ರಿ” ಎಂದರು. ಮುಂದಿನ ತಿಂಗಳೂ ಹೋಗುತ್ತೇನೆ.