ಚರಗದ ದಿನ ಬಂದ ಹಕ್ಕಿಗಳು

ಎಂಬತ್ತರ ದಶಕದ ನಡುವಿನ ಒಂದು ಎಳ್ಳಮಾವಾಸ್ಯೆ. ಬೆಳಗಿನ ಹನ್ನೊಂದು ಗಂಟೆ. ಅಫಜಲಪುರ ತಾಲ್ಲೂಕಿನ ನಮ್ಮ ಹೊಲದ ಬನ್ನಿ ಗಿಡದ ಕೆಳಗೆ ಇದ್ದವರು ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಸಿದ್ರಾಮ ಕಾಕಾ, ನಾನು. ನನಗೆ ಆಗ ಒಂಬತ್ತು ವರ್ಷ.

ಆ ದಿನಗಳಲ್ಲಿ ತೊಗರಿ ಹೊಲವೆಂದರೆ ಬರೀ ತೊಗರಿಯಲ್ಲ. ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಜೋಳದ ದಂಟು ಎದ್ದು ನಿಂತಿರುತ್ತಿತ್ತು. ಅದು ಹಕ್ಕಿ ಕೂರಲೆಂದೇ ಬಿತ್ತಿದ್ದು. ತೊಗರಿ ಹೂವಿಗೆ ಪತಂಗ ಬರುತ್ತಿತ್ತು. ಪತಂಗದ ಮೊಟ್ಟೆಯೊಡೆದು ಬಂದ ಹಸಿರು ಹುಳ ಕಾಯಿ ಕೊರೆಯುತ್ತಿತ್ತು. ದಂಟಿನ ಮೇಲೆ ಕುಳಿತ ಗೊರವಂಕ, ಕಾಜಾಣಗಳು ಆ ಹುಳ ಹೆಕ್ಕುತ್ತಿದ್ದವು. ಹುಳಕ್ಕೆ ಒಂದಿಷ್ಟು ಕಾಯಿ, ಹಕ್ಕಿಗೆ ಒಂದಿಷ್ಟು ಜೋಳ, ಉಳಿದದ್ದು ನಮಗೆ. ಇದನ್ನು ಯಾರೂ ಪಾಠದಂತೆ ಹೇಳಿಕೊಟ್ಟಿರಲಿಲ್ಲ. ಬಿತ್ತುವಾಗಲೇ ಎಲ್ಲರ ಪಾಲೂ ಮನಸ್ಸಿನಲ್ಲಿರುತ್ತಿತ್ತು.

ಎಳ್ಳಮಾವಾಸ್ಯೆಗೆ ಆ ಹಕ್ಕಿಗಳಿಗೂ ಊಟ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ಸಜ್ಜೆ ರೊಟ್ಟಿ, ಬಾನವೆಂಬ ಜೋಳದ ಅನ್ನ, ಕಡಬು, ಹಸಿಗಡಲೆ, ಸೊಪ್ಪು ಹಾಕಿ ಬೇಯಿಸಿದ ಭಜ್ಜಿ ಪಲ್ಯ ಎಲ್ಲವನ್ನೂ ಒಂದಿಷ್ಟು ಕಲಸಿ, ಕೂಗುತ್ತ ಹೊಲದ ಸುತ್ತ ಚೆಲ್ಲಬೇಕು. ಅದೇ ಚರಗ. ನಮ್ಮ ಮನೆಯಲ್ಲಿ ಚರಗ ಚೆಲ್ಲುವವಳು ಆಯಿ. ಆಕೆಯದು ಉದ್ದನೆಯ ಕಂಚಿನಂಥ ದನಿ. ದಿನವೂ ಹೊಲದಲ್ಲಿ ತನ್ನ ಬುತ್ತಿ ಬಿಚ್ಚುವ ಮೊದಲು ರೊಟ್ಟಿ ಮುರಿದು ಹಾಕಿ ಹಾಗೆಯೇ ಕೂಗುತ್ತಿದ್ದಳು. ಹಳ್ಳದ ಜಾಲಿ ಗಿಡಗಳಿಂದ ಹಕ್ಕಿಗಳ ಹಿಂಡು ಎದ್ದು ಬರುತ್ತಿತ್ತು.

ಆ ವರ್ಷ ಹುಳದ ಕಾಟ ವಿಪರೀತ. ಗಿಡದ ಬುಡಕ್ಕೆ ಚೀಲ ಹಾಸಿ, ಗಿಡ ಅಲ್ಲಾಡಿಸಿ, ಬಿದ್ದ ಹುಳ ತುಂಬಿ ಹೊತ್ತು ಹಾಕಿದರೂ ತೀರಲಿಲ್ಲ. ಕಾಕಾ ಪಕ್ಕದ ಹೊಲದವರ ಪಂಪು ತಂದು ಹಿಂದಿನ ಸಂಜೆ ಎಣ್ಣೆ ಹೊಡೆದಿದ್ದ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ನಮ್ಮ ಹೊಲ ಅದನ್ನು ಕಂಡದ್ದು ಅದೇ ಮೊದಲು. ಹೊಡೆಯಲು ಎಲ್ಲರೂ ಒಪ್ಪಿದ್ದರು, ಆಯಿಯೂ.

“ಯವ್ವಾ, ಈ ಸಲ ನಿನ್ನ ಹಕ್ಕಿಗೋಳಿಗಿ ರಜಾ ಕೊಟ್ಟೇನಿ,” ಎಂದ ಕಾಕಾ.

“ರಜಾ ಕೊಡಲೇ ಸಿದ್ರಾಮ, ಉಣಾಕ ಮಾತ್ರ ಅಡ್ಡ ಬರಬ್ಯಾಡ. ನಿನ್ನ ಮದಿವ್ಯಾಗ ಬೀಗರ್ನ ಉಪಾಸ ಕಳಸಿದಂಗ ಅಲ್ಲಿದು.”

“ಅಲ್ಲಿ ಭಜಿ ಕಮ್ಮಿ ಬಿದ್ದಿತ್ತಬೇ, ಉಪಾಸ ಎಲ್ಲಿ ಕಳಸೇವಿ!”

ಎಲ್ಲರೂ ನಕ್ಕೆವು. ಆಯಿ ಬುಟ್ಟಿ ಎತ್ತಿಕೊಂಡು ಕೂಗುತ್ತ ಒಂದು ಸುತ್ತು ಚರಗ ಚೆಲ್ಲಿ ಬಂದು ಊಟಕ್ಕೆ ಕುಳಿತಳು. ಹಕ್ಕಿಗಳು ಇಳಿದವು. ಬಾನ ತಿಂದು, ಹಾಗೆಯೇ ತೊಗರಿ ಸಾಲಿಗೆ ಹೊರಳಿದವು. ಅಲ್ಲಿ ಎಣ್ಣೆ ತಾಗಿದ ಹುಳಗಳು ಅರೆಜೀವವಾಗಿ, ಕೊಕ್ಕಿಗೆ ಸುಲಭವಾಗಿ ಸಿಗುವಂತೆ ಎಲೆಯ ಮೇಲೇ ತೂಗುತ್ತಿದ್ದವು.

ಊಟ ಮುಗಿಸಿದ ನನಗೆ ಬದುವಿನ ಹತ್ತಿರ ಒಂದು ಗೊರವಂಕ ಕಂಡಿತು. ಕೈ ಚಾಚಿದರೂ ಹಾರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಲಂಗದಲ್ಲಿಟ್ಟುಕೊಂಡು ಓಡಿ ಬಂದೆ. “ಆಯಿ, ಇದು ನನ್ನ ಹತ್ರ ತಾನ ಬಂತು!”

ಆಯಿ ಅದನ್ನು ಅಂಗೈಗೆ ತೆಗೆದುಕೊಂಡಳು. ಕಾಲು ಸೆಟೆದಿದ್ದವು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊಕ್ಕಿನಲ್ಲಿ ಅರ್ಧ ಹುಳ ಹಾಗೆಯೇ ಇತ್ತು. ಆಕೆಯ ಅಂಗೈಯಲ್ಲೇ ಅದು ತಣ್ಣಗಾಯಿತು.

“ಹುಳ ಹಕ್ಕಿ ಹೊಟ್ಟ್ಯಾಗ ಹೋಗ್ತಾವಂತ ಯಾರಿಗೂ ನೆನಪಾಗಲಿಲ್ಲೇನ್ರೋ?” ಎಂದಳು. ಮತ್ತೆ ತಾನೇ, “ನನಗೂ ಆಗಲಿಲ್ಲ. ಅದರ ಮ್ಯಾಲ ಉಣಾಕ ಕರದಾಕಿನೂ ನಾನ.”

ಸೆರಗು ಬಿಗಿದು, ತಾಟು ಬಡಿಯುತ್ತ ಹೊಲಕ್ಕೆ ನುಗ್ಗಿದಳು. “ಹೋಗ್ರೆವ್ವಾ, ಹೋಗ್ರಿ! ತಿನಬ್ಯಾಡ್ರಿ, ಹೋಗ್ರಿ!”

ಹಾರಿದ ಹಕ್ಕಿಗಳು ಒಂದು ಸುತ್ತು ಹಾಕಿ ಮತ್ತೆ ಇಳಿದವು. ಆಕೆ ಇನ್ನೂ ಜೋರಾಗಿ ಕೂಗಿದಳು. ಹಳ್ಳದ ಕಡೆಯಿಂದ ಇನ್ನೊಂದು ಹಿಂಡು ಎದ್ದು ಬಂತು. ಆಯಿ ಕೂಗಿದರೆ ಊಟ ಎಂದಷ್ಟೇ ಅವಕ್ಕೆ ಗೊತ್ತಿತ್ತು.

ಆಯಿ ನಿಂತುಬಿಟ್ಟಳು. ತಾಟು ಅವ್ವನ ಕೈಗೆ ಕೊಟ್ಟಳು. “ನೀವ ಕೂಗ್ರಿ. ನನ್ನ ದನಿಗಿ ಅವು ಬರಾಕತ್ತಾವ.” ಬನ್ನಿ ಗಿಡದ ಕೆಳಗೆ ಬಂದು, ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡು ಕುಳಿತಳು.

ಹೊತ್ತು ಇಳಿಯುವವರೆಗೆ ನಾವು ನಾಲ್ವರು ಕೂಗಿದೆವು, ಹೆಂಟೆ ಎಸೆದೆವು, ಟವೆಲ್ ಬೀಸಿದೆವು. ಕೆಲವು ಹೋದವು. ಕೆಲವು ಸಾಲುಗಳಲ್ಲೇ ಉಳಿದವು.

ಆ ವರ್ಷ ತೊಗರಿ ಚೆನ್ನಾಗಿ ಬಂತು. ಮರುವರ್ಷ ಹುಳ ಮೊದಲಿಗಿಂತ ಹೆಚ್ಚಿತು, ಹೆಕ್ಕುವವರು ಕಡಿಮೆಯಾಗಿದ್ದರು. ಎಣ್ಣೆ ಎರಡು ಸಲವಾಯಿತು, ಆಮೇಲೆ ಲೆಕ್ಕ ತಪ್ಪಿತು. ಸಾಲಿನ ನಡುವೆ ಜೋಳ ಬಿತ್ತುವುದು ನಿಂತಿತು. ಆಯಿ ಮುಂದೆ ಎಷ್ಟೋ ವರ್ಷ ಬದುಕಿದಳು, ಹೊಲದಲ್ಲಿ ದನಿ ಎತ್ತಲಿಲ್ಲ. ನಾವು ಈಗಲೂ ತಪ್ಪದೆ ಚರಗ ಚೆಲ್ಲುತ್ತೇವೆ. ಸಂಜೆ ನೋಡಿದರೆ ಬಾನ ಬಿದ್ದಲ್ಲೇ ಒಣಗಿರುತ್ತದೆ, ಇರುವೆ ಹತ್ತಿರುತ್ತದೆ. ಓಡಿಸೋಣವೆಂದರೂ ಹಕ್ಕಿಯಿಲ್ಲ.

ಆ ದಿನ ಸಂಜೆ ಅಪ್ಪ ಸಾಲು ಸಾಲು ತಿರುಗಿ ಸತ್ತ ಹಕ್ಕಿಗಳನ್ನು ತಂದ. ಕಾಕಾ ಬದುವಿನ ಮೇಲೆ ಕುಣಿ ತೋಡಿದ. ಆಯಿ ಒಂದೊಂದನ್ನೇ ರೆಕ್ಕೆ ಮಡಿಸಿ ಇಟ್ಟಳು. ಕಾಕಾ ಅಳುತ್ತಲೇ ಮಣ್ಣು ಎಳೆದ.

“ಗಟ್ಟಿ ತುಳೀ ಸಿದ್ರಾಮ,” ಎಂದಳು ಆಯಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ. “ನರಿ ಕೆದರಿ ತಿಂದರ ಅದೂ ಸಾಯ್ತದ.”

ಕಾಕಾ ತುಳಿದ. ನಾವೆಲ್ಲ ಕಲ್ಲು ಆಯ್ದು ತಂದು ಅದರ ಮೇಲೆ ಹೇರಿದೆವು.